‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’: ಸಂಘದ ಮಹಾಸಭೆಯಲ್ಲಿ ನಿಯಮ ಹಿಡಿದು ಮಾತನಾಡುವುದು ಹೇಗೆ?

ನಾಲ್ಕನೇ ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಒಂದು ಬಡಾವಣೆ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವಿದೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಈಚೆಗೆ ವಾರ್ಷಿಕ ಮಹಾಸಭೆ ನಡೆಯಿತು. ನೋಟಿಸಿನಲ್ಲಿದ್ದ ವಿಷಯಗಳು ಪ್ರತಿ ವರ್ಷದವೇ: ಹಿಂದಿನ ಸಭೆಯ ನಡಾವಳಿ, ವಾರ್ಷಿಕ ವರದಿ, ಲೆಕ್ಕಪತ್ರ, ಮುಂದಿನ ವರ್ಷದ ಆಯವ್ಯಯ, ಲೆಕ್ಕಪರಿಶೋಧಕರ ನೇಮಕ, ಕೊನೆಗೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’.

ಮುಕ್ಕಾಲು ಪಾಲು ಜನ ಊಟಕ್ಕೆ ಎದ್ದ ಮೇಲೆ ಆ ಕೊನೆಯ ಸಾಲಿನ ಅಡಿಯಲ್ಲಿ ಸಂಘದ ಸಭಾಂಗಣವನ್ನು ಐದು ವರ್ಷ ಖಾಸಗಿಯವರಿಗೆ ಗುತ್ತಿಗೆಗೆ ಕೊಡುವ ಠರಾವನ್ನು ಕಾರ್ಯದರ್ಶಿಗಳು ಓದಿದರು. ಮುಂದಿನ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಕೈ ಎತ್ತಿದೆ. “ಊಟ ತಣ್ಣಗಾಗುತ್ತದೆ ಮೇಡಂ, ಆಮೇಲೆ ಮಾತನಾಡೋಣ” ಎಂದು ಅಧ್ಯಕ್ಷರು ನಕ್ಕರು. ನಡಾವಳಿ ಪುಸ್ತಕದಲ್ಲಿ ಈಗ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದೆ.

ಇದು ಕ್ರಮಬದ್ಧವೇ? ಆ ಹೊತ್ತಿನಲ್ಲಿ ಏನು ಹೇಳಬೇಕಿತ್ತು? ಈಗ ಏನು ಮಾಡಬಹುದು?

ಕೆಂಪು ಶಾಯಿ

ಸಹಕಾರ ಸಂಘಗಳ ಲೆಕ್ಕ ನೋಡುವುದರಲ್ಲೇ ಕೂದಲು ಬೆಳ್ಳಗಾದವನು ನಾನು. ನೂರಾರು ನಡಾವಳಿ ಪುಸ್ತಕ ತಿರುವಿಹಾಕಿದ್ದೇನೆ. ಸಂಘಕ್ಕೆ ಪೆಟ್ಟು ಕೊಟ್ಟ ತೀರ್ಮಾನಗಳಲ್ಲಿ ಹೆಚ್ಚಿನವು ಹೊಕ್ಕಿದ್ದು ಈ ‘ಇತರ ವಿಷಯಗಳು’ ಎಂಬ ಹಿಂಬಾಗಿಲಿನಿಂದಲೇ.

ಆ ಸಾಲು ಇರುವುದು ಸಣ್ಣಪುಟ್ಟದ್ದಕ್ಕೆ. ತೀರಿಕೊಂಡ ಸದಸ್ಯರಿಗೆ ಸಂತಾಪ, ಪದವಿ ಪಡೆದ ಮಕ್ಕಳಿಗೆ ಅಭಿನಂದನೆ, ಬೀದಿದೀಪದ ಬಗ್ಗೆ ಒಂದು ಸಲಹೆ, ಇಂಥವು. ಹಣ ಖರ್ಚಾಗುವ, ಆಸ್ತಿಯನ್ನು ಕಟ್ಟಿಹಾಕುವ, ಬೈಲಾ ಬದಲಿಸುವ ಯಾವ ಮಾತೂ ಅಲ್ಲಿ ಬರಕೂಡದು. ಕಾರಣ ಸರಳ. ನೋಟಿಸು ಹೋಗುವುದು ಸಭೆಗೆ ಬರುವವರಿಗಷ್ಟೇ ಅಲ್ಲ, ಬಾರದವರಿಗೂ. ಅದನ್ನು ಓದಿಯೇ ಸದಸ್ಯ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ‘ಲೆಕ್ಕಪತ್ರ ಮಂಡನೆ’ ಎಂದು ನೋಡಿ, ಇರುವವರು ಓದಿಕೊಳ್ಳಲಿ ಎಂದು ಮಗಳ ಮನೆಗೆ ಹೋದವನು ‘ಸಭಾಂಗಣದ ಗುತ್ತಿಗೆ’ ಎಂದಿದ್ದರೆ ಖಂಡಿತ ಬರುತ್ತಿದ್ದ. ಅವನಿಗೆ ಹೇಳದೆ ಅವನ ಪಾಲಿನ ಆಸ್ತಿಯ ಬಗ್ಗೆ ತೀರ್ಮಾನಿಸಿದಂತಾಯಿತು. ನಿಮಗೆ ಮಾತನಾಡಲು ಬಿಡದಿದ್ದುದು ತಪ್ಪೇ, ಆದರೆ ಬಾರದವರಿಗೆ ಆದದ್ದು ಅದಕ್ಕಿಂತ ದೊಡ್ಡದು. ನಿಮ್ಮ ವಾದವನ್ನು ಅಲ್ಲಿಂದ ಆರಂಭಿಸಿ.

ಅಂಥ ಹೊತ್ತಿನಲ್ಲಿ ಬರಿದೆ ಕೈ ಎತ್ತಿದರೆ ಸಾಲದು, ಎದ್ದು ನಿಂತು ಕ್ರಿಯಾಲೋಪ ಎತ್ತಬೇಕು, ಅಂದರೆ ಸಭೆಯ ನಿಯಮ ಮುರಿಯುತ್ತಿದೆ ಎಂದು ಪೀಠಕ್ಕೆ ಹೇಳಬೇಕು. “ಅಧ್ಯಕ್ಷರೇ, ಕ್ರಿಯಾಲೋಪ. ಈ ವಿಷಯ ಕಾರ್ಯಸೂಚಿಯಲ್ಲಿ ಇಲ್ಲ. ತೀರ್ಪು ಕೊಡಿ, ನನ್ನ ಆಕ್ಷೇಪಣೆಯನ್ನು ನಡಾವಳಿಯಲ್ಲಿ ದಾಖಲಿಸಿ.” ಇಷ್ಟೇ ಸಾಕು. ಗುತ್ತಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಆಗ ಇಳಿಯಲೇಬೇಡಿ. ಇಳಿದಿರೋ, ವಿಷಯ ಸಭೆಯ ಮುಂದೆ ಬಂದಿದೆ ಎಂದು ನೀವೇ ಒಪ್ಪಿಕೊಂಡ ಹಾಗಾಗುತ್ತದೆ.

ಹಿಂದಿನ ಸಾಲು

ಒಂದು ಭಿನ್ನಾಭಿಪ್ರಾಯ. ಕ್ರಿಯಾಲೋಪ, ಸೂಚನೆ, ತಿದ್ದುಪಡಿ ಎಲ್ಲ ವಿಧಾನಸೌಧದ ಆಟಗಳು. ಅಲ್ಲಿನ ಕಲಾಪ ನೋಡಿದರೆ ನಿಯಮ ಗೊತ್ತಿದ್ದವರು ಏನು ಉದ್ಧಾರ ಮಾಡಿದ್ದಾರೆ ಎಂದು ಕೇಳಬೇಕಾಗುತ್ತದೆ. ನಮ್ಮೂರ ದೇವಸ್ಥಾನದ ಸಮಿತಿಯಲ್ಲಿ ನಾಲ್ವರು ಹಿರಿಯರು ಜಗಲಿಯ ಮೇಲೆ ಕುಳಿತು ಮಾತನಾಡಿ ಮುಗಿಸುತ್ತಾರೆ, ಮನಸ್ತಾಪವಿಲ್ಲ. ಒಂದೇ ಬೀದಿಯಲ್ಲಿ ಹಾಲು ತರುವವರು ಸಭೆಯಲ್ಲಿ ವಕೀಲರ ಹಾಗೆ ನಿಂತರೆ ಮರುದಿನ ಮುಖ ನೋಡುವುದು ಹೇಗೆ? ಮೇಡಂ, ಅಧ್ಯಕ್ಷರ ಮನೆಗೆ ಹೋಗಿ ಕಾಫಿ ಕುಡಿಯುತ್ತಾ ಮಾತನಾಡಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಅಡಿಕೆ ಸುಲಿಯುವವ

ಜಗಲಿಯ ಮೇಲೆ ಕುಳಿತ ಆ ನಾಲ್ವರು ಯಾವ ಕೇರಿಯವರು, ಅವರಲ್ಲಿ ಹೆಂಗಸರೆಷ್ಟು ಎಂದು ಕೇಳಿದರೆ ಮನಸ್ತಾಪ ಯಾಕಿಲ್ಲ ಎಂಬುದು ತಿಳಿಯುತ್ತದೆ. ಅಸಮಾಧಾನ ಇರುವವರು ಜಗಲಿ ಹತ್ತಿರಲೇ ಇಲ್ಲ, ಅಷ್ಟೇ.

ಮಾತನಾಡಿ ಬಗೆಹರಿಸುವುದು ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಕಾಫಿಯ ಜೊತೆಗಿನ ಮಾತು ದಾಖಲಾಗುವುದಿಲ್ಲ. ನಾಳೆ ಗುತ್ತಿಗೆದಾರ ಬಾಗಿಲಿಗೆ ಬೀಗ ಹಾಕಿದಾಗ ತೋರಿಸಲು ಸಿಗುವುದು ನಡಾವಳಿ ಪುಸ್ತಕ ಒಂದೇ.

ಪತ್ರಕರ್ತರ ಗ್ಯಾಲರಿ

ಸದನದ ವರದಿಗಾರಿಕೆ ಮಾಡಿದವನಾದ್ದರಿಂದ ‘ಹಿಂದಿನ ಸಾಲು’ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದಲೇ ಎಳೆದು ಇಳಿಸಿದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿದೆ. ಆದರೆ ಅದು ನಿಯಮದ ಫಲವಲ್ಲ, ನಿಯಮವನ್ನು ಬದಿಗಿಟ್ಟದ್ದರ ಫಲ.

ಕ್ರಿಯಾಲೋಪದ ಬಗ್ಗೆ ಒಂದು ಎಚ್ಚರಿಕೆ. ಜನ ಅದನ್ನು ‘ನನಗೂ ಮಾತನಾಡಲು ಬಿಡಿ’ ಎಂಬುದರ ಬದಲಿಗೆ ಬಳಸುತ್ತಾರೆ. ಅದು ಸಲ್ಲದು. ಈಗ ನಡೆಯುತ್ತಿರುವ ಕೆಲಸದಲ್ಲಿ ಯಾವ ನಿಯಮ ಮುರಿಯಿತು ಎಂದು ತೋರಿಸುವುದಷ್ಟೇ ಅದರ ವ್ಯಾಪ್ತಿ. ಎದುರಿನವರು ಹೇಳಿದ ಅಂಕಿಅಂಶ ತಪ್ಪು ಎಂಬುದು ಕ್ರಿಯಾಲೋಪವಲ್ಲ, ಅದನ್ನು ನಿಮ್ಮ ಸರದಿ ಬಂದಾಗ ಹೇಳಬೇಕು. ಆದರೆ ಎತ್ತಿದ ಕೂಡಲೇ ಉಳಿದೆಲ್ಲ ಮಾತು ನಿಲ್ಲುತ್ತದೆ, ಪೀಠ ಮೊದಲು ಅದಕ್ಕೆ ತೀರ್ಪು ಕೊಡಬೇಕಾಗುತ್ತದೆ. ಅದರ ಬಲ ಇರುವುದೇ ಅಲ್ಲಿ.

ಆ ಬಲ ಎಷ್ಟು ಎಂಬುದಕ್ಕೆ 2019ರ ಜುಲೈ ನೆನಪಿಸಿಕೊಳ್ಳಿ. ಹದಿನೆಂಟರಂದು ಕುಮಾರಸ್ವಾಮಿಯವರು ವಿಶ್ವಾಸಮತ ಯಾಚನೆಯ ಪ್ರಸ್ತಾವ ಮಂಡಿಸಿದರು. ಅತೃಪ್ತ ಶಾಸಕರನ್ನು ಸದನಕ್ಕೆ ಬರುವಂತೆ ಒತ್ತಾಯಿಸಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪಕ್ಷ ತನ್ನ ಶಾಸಕರಿಗೆ ಕೊಡುವ ಆದೇಶವಾದ ವಿಪ್‌ಗೆ ಏನು ಬೆಲೆ ಎಂದು ಸಿದ್ದರಾಮಯ್ಯನವರು ಅಂದೇ ಕ್ರಿಯಾಲೋಪ ಎತ್ತಿದರು. ಚರ್ಚೆಯ ಗಾಲಿ ಅತ್ತ ತಿರುಗಿತು. ಮತಕ್ಕೆ ಹಾಕಿದ್ದು ಇಪ್ಪತ್ತಮೂರರ ಸಂಜೆ. ಸಾಲು ಸಾಲಾಗಿ ಶಾಸಕರನ್ನು ನಿಲ್ಲಿಸಿ ತಲೆ ಎಣಿಸಿದರು: ಪರ 99, ವಿರುದ್ಧ 105. ಸರ್ಕಾರ ಬಿತ್ತು. ನಿಯಮದ ಆಸರೆ ಹಿಡಿದು ದಿನ ತಳ್ಳಿದರು ಎಂದು ಒಂದು ಕಡೆಯವರು, ಗಂಭೀರ ಪ್ರಶ್ನೆಯನ್ನೇ ಎತ್ತಿದರು ಎಂದು ಇನ್ನೊಂದು ಕಡೆಯವರು. ನನ್ನ ಮಟ್ಟಿಗೆ ಎರಡೂ ನಿಜ. ಆದರೆ ಕೊನೆಗೆ ಎಣಿಸಲೇಬೇಕಾಯಿತು ಎಂಬುದನ್ನು ಗಮನಿಸಿ.

ಚಪ್ಪಾಳೆ ಮತವಲ್ಲ. ಧ್ವನಿಮತದ ಫಲಿತಾಂಶವನ್ನು ಯಾರಾದರೂ ಪ್ರಶ್ನಿಸಿದರೆ ಎಣಿಸಬೇಕು ಎಂಬುದು ಶಾಸನಸಭೆಗಳ ಹಳೆಯ ವಾಡಿಕೆ. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾದಾಗ ಅಷ್ಟು ದೊಡ್ಡ ಗದ್ದಲವಾದದ್ದು ಎಣಿಕೆಯ ಬೇಡಿಕೆಯ ಬಗ್ಗೆಯೇ. ಹಾಗಾಗಿ ‘ಸರ್ವಾನುಮತ’ ಎಂದು ಬರೆಯಲು ಹೊರಟಾಗ ಒಬ್ಬರು ಎದ್ದು “ಎಣಿಸಿ” ಎಂದರೆ ಆ ಪದ ಅಲ್ಲಿಗೇ ಮುಗಿಯಿತು.

ಕಪ್ಪು ಕೋಟು

ಧಾರವಾಡದಿಂದ. ಮೇಡಂ, ಕಾನೂನಿನ ಕಡೆಯಿಂದ ಎರಡು ಮಾತು. ಸಂವಿಧಾನದ 212ನೇ ವಿಧಿಯ ಪ್ರಕಾರ ರಾಜ್ಯ ಶಾಸನಸಭೆಯ ಕಲಾಪದ ಸಿಂಧುತ್ವವನ್ನು ಕಾರ್ಯವಿಧಾನ ತಪ್ಪಿತು ಎಂಬ ಕಾರಣಕ್ಕೆ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ನಿಮ್ಮ ಸಂಘಕ್ಕೆ ಅಂಥ ಕವಚವಿಲ್ಲ. ಅಂದರೆ ವಿಧಾನಸಭೆಗಿಂತ ನಿಮ್ಮ ಬಡಾವಣೆಯ ಸಭೆಯೇ ನಿಯಮಕ್ಕೆ ಹೆಚ್ಚು ಹೆದರಬೇಕು! ನೋಟಿಸಿನಲ್ಲಿ ಇಲ್ಲದ ಮಹತ್ವದ ವಿಷಯದ ಮೇಲಿನ ಠರಾವನ್ನು ಸಿವಿಲ್ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅದೇ ಬಲವಾದ ಆಧಾರ.

ಆದರೆ ನೇರವಾಗಿ ಕೋರ್ಟಿಗೆ ಓಡಬೇಡಿ. ಮೊದಲು ಬೈಲಾದ ಪ್ರತಿ ತರಿಸಿಕೊಳ್ಳಿ. ನೋಟಿಸಿನ ಅವಧಿ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ), ವಿಶೇಷ ಮಹಾಸಭೆಗೆ ಎಷ್ಟು ಸದಸ್ಯರು ಸಹಿ ಹಾಕಬೇಕು, ಆಸ್ತಿ ಗುತ್ತಿಗೆಗೆ ಬೇರೆ ಬಹುಮತ ಬೇಕೇ, ಈ ನಾಲ್ಕನ್ನು ಹುಡುಕಿ. ಅದರ ನಂತರ ವಿಶೇಷ ಮಹಾಸಭೆಗೆ ಬೇಡಿಕೆ ಪತ್ರ. ಅದಕ್ಕೂ ಕಿವಿಗೊಡದಿದ್ದರೆ, ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನ ಅಡಿ ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸಂಘದ ವ್ಯವಹಾರದ ವಿಚಾರಣೆ ನಡೆಸಲೇಬೇಕು. ಈ ಮೂರನೇ ಒಂದನ್ನು ಒಟ್ಟುಮಾಡುವುದೇ ನಿಜವಾದ ಕಷ್ಟ. ಮನೆಮನೆ ತಿರುಗಬೇಕು.

ನಾಲ್ಕನೇ ಅಡ್ಡರಸ್ತೆ

ಎಲ್ಲರಿಗೂ ಧನ್ಯವಾದ. ಬೈಲಾ ಕೇಳಿದ್ದೇನೆ. “ಯಾಕೆ ಬೇಕು?” ಎಂಬ ಪ್ರಶ್ನೆ ಬಂತು, “ಓದಲು” ಎಂದೆ. ಸಿಕ್ಕಿತು. ನಮ್ಮ ಬೈಲಾದಲ್ಲಿ ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ, ಆಮೇಲೆ ಇರುವಷ್ಟು ಜನರಲ್ಲೇ ಸಭೆ ನಡೆಸಬಹುದು ಎಂದಿದೆ. ಹಾಗಾದರೆ ಕೋರಂಗೆ ಅರ್ಥವೇನು?

ಅಡಿಕೆ ಸುಲಿಯುವವ

ಇದು ಬಹುತೇಕ ಸಂಘಗಳ ಕಥೆ. ನಮ್ಮ ಉತ್ತರ ಕನ್ನಡದಲ್ಲಿ ಸೆಪ್ಟೆಂಬರ್ ಎಂದರೆ ಸಹಕಾರಿ ಸಂಘಗಳ ಮಹಾಸಭೆಗಳ ಸುಗ್ಗಿ. ಒಂದೇ ದಿನ ಎರಡು ಸಭೆ, ಎರಡು ಕಡೆ ಊಟ. ಹತ್ತು ಗಂಟೆಯ ಸಭೆಗೆ ಹತ್ತೂವರೆಗೆ ಬರುವುದೇ ರೂಢಿಯಾಗಿದೆ, ಯಾಕೆಂದರೆ ಹತ್ತಕ್ಕೆ ಕೋರಂ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದು ಗೊತ್ತಿರುವುದರಿಂದಲೇ ಕೋರಂ ಇರುವುದಿಲ್ಲ.

ಇಲ್ಲಿ ನೆನಪಿಡಬೇಕಾದದ್ದು ಒಂದು. ಮುಂದೂಡಿದ ಸಭೆ ಹೊಸ ಸಭೆಯಲ್ಲ, ಹಳೆಯ ಸಭೆಯೇ ಮುಂದುವರಿದದ್ದು. ಆದ್ದರಿಂದ ಹಳೆಯ ಕಾರ್ಯಸೂಚಿ ಬಿಟ್ಟು ಹೊಸದನ್ನು ಅಲ್ಲಿ ತರುವಂತಿಲ್ಲ. ನಮ್ಮ ಬೈಲಾದಲ್ಲಿ ಇದು ಸ್ಪಷ್ಟವಾಗಿಯೇ ಇದೆ, ನಿಮ್ಮದರಲ್ಲಿಯೂ ಹುಡುಕಿ. ಕೋರಂನ ವಿನಾಯಿತಿ ಕೊಟ್ಟವರು ಅದಕ್ಕೆ ಬದಲಾಗಿ ಈ ಬೇಲಿ ಹಾಕಿದ್ದಾರೆ.

ವಿಧಾನ ಪರಿಷತ್ತಿನಲ್ಲಿರುವುದು 75 ಸ್ಥಾನ, ಕೋರಂ ಹತ್ತು ಜನ. ಸಂವಿಧಾನ ‘ಹತ್ತು ಅಥವಾ ಹತ್ತನೇ ಒಂದು, ಯಾವುದು ಹೆಚ್ಚೋ ಅದು’ ಎನ್ನುತ್ತದೆ. ವಿಧಾನಸಭೆಗಾದರೆ 224ರಲ್ಲಿ 23. ಅಷ್ಟು ಕಡಿಮೆ ಸಾಕು ಎಂದು ಬರೆದವರು ದಡ್ಡರಲ್ಲ. ಇಂದು ಯಾವ ಕೆಲಸ ಎಂದು ಬಾರದವರಿಗೂ ಮುಂಚಿತವಾಗಿ ಗೊತ್ತಿರುತ್ತದೆ, ಬೇಕಾದವರು ಬರುತ್ತಾರೆ ಎಂಬ ಭರವಸೆಯ ಮೇಲೆ ಅದು ನಿಂತಿದೆ.

ಅಟ್ಲಾಂಟಾ ಕನ್ನಡಿಗ

ಇಲ್ಲಿನ ಕನ್ನಡ ಕೂಟದ ಸಮಿತಿಯಲ್ಲಿ ಇದ್ದವನ ಅನುಭವ ಸೇರಿಸುತ್ತೇನೆ. ಅಮೆರಿಕದಲ್ಲಿ ಲಾಭರಹಿತ ಸಂಘಗಳ ಬೈಲಾಗಳಲ್ಲಿ ‘ಇಲ್ಲಿ ಹೇಳದ ವಿಷಯಗಳಿಗೆ ರಾಬರ್ಟ್ಸ್ ರೂಲ್ಸ್ ಅನ್ವಯ’ ಎಂಬ ಸಾಲು ಸಾಮಾನ್ಯ. ಹೆನ್ರಿ ಮಾರ್ಟಿನ್ ರಾಬರ್ಟ್ ಸೇನೆಯ ಎಂಜಿನಿಯರ್. 1863ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ಚರ್ಚಿನ ಸಭೆಯೊಂದರ ಅಧ್ಯಕ್ಷತೆ ವಹಿಸಲು ಹೇಳಿದಾಗ ಅವನಿಗೆ ಸಭೆ ನಡೆಸುವುದು ಹೇಗೆಂದೇ ತಿಳಿದಿರಲಿಲ್ಲ. ಆ ಮುಜುಗರದಿಂದ ಓದಲು ಕುಳಿತವನು 1876ರಲ್ಲಿ ಪುಸ್ತಕವನ್ನೇ ತಂದ. ಮೊದಲ ಮುದ್ರಣ ನಾಲ್ಕು ಸಾವಿರ ಪ್ರತಿ, ಅವನದೇ ಖರ್ಚು.

ಭಾರತದ ಪದ್ಧತಿಗೂ ಇದಕ್ಕೂ ಒಂದು ವ್ಯತ್ಯಾಸ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಸಭಾಧ್ಯಕ್ಷರ ತೀರ್ಪು ಎಂದರೆ ಮುಗಿಯಿತು. ಇಲ್ಲಿ ಅಧ್ಯಕ್ಷರ ತೀರ್ಪು ಒಪ್ಪಿಗೆಯಾಗದಿದ್ದರೆ ಒಬ್ಬ ಸದಸ್ಯ ಮೇಲ್ಮನವಿ ಎನ್ನಬಹುದು, ಇನ್ನೊಬ್ಬ ಅನುಮೋದಿಸಿದರೆ ಸಭೆಯೇ ಮತ ಹಾಕಿ ತೀರ್ಮಾನಿಸುತ್ತದೆ. ಅಧ್ಯಕ್ಷ ಸಭೆಯ ಸೇವಕ ಎಂಬುದು ಇಲ್ಲಿ ಬರಿಯ ಮಾತಲ್ಲ. ನಿಮ್ಮ ಬೈಲಾ ತಿದ್ದುವ ದಿನ ಬಂದರೆ ಇದೊಂದನ್ನು ಎರವಲು ತನ್ನಿ.

ಇನ್ನೊಂದು, ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಿ ಎಂಬ ಸೂಚನೆಗೆ ರಾಬರ್ಟ್‌ನ ನಿಯಮದಲ್ಲಿ ಸರಳ ಬಹುಮತ ಸಾಲದು, ಮೂರನೇ ಎರಡು ಬೇಕು. ಐವತ್ತೊಂದು ಜನ ನಲವತ್ತೊಂಬತ್ತು ಜನರನ್ನು ಸೋಲಿಸಬಹುದು, ಆದರೆ ಅವರ ಬಾಯಿ ಮುಚ್ಚಿಸುವಂತಿಲ್ಲ.

ಹಿಂದಿನ ಸಾಲು

ಸರಿ, ಜಗಲಿಯ ವಿಷಯದಲ್ಲಿ ‘ಅಡಿಕೆ ಸುಲಿಯುವವ’ ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಅಟ್ಲಾಂಟಾದವರನ್ನು ಕೇಳುತ್ತೇನೆ: ಹದಿನೈದು ಜನರ ಸಮಿತಿಯಲ್ಲಿಯೂ ಹೀಗೆ ಸೂಚಕರು, ಅನುಮೋದಕರು ಎಂದು ನಾಟಕ ಆಡುತ್ತೀರಾ?

ಅಟ್ಲಾಂಟಾ ಕನ್ನಡಿಗ

ಇಲ್ಲ ಸರ್, ರಾಬರ್ಟೇ ಅದನ್ನು ಬೇಡ ಎನ್ನುತ್ತಾನೆ. ಹತ್ತು ಹನ್ನೆರಡು ಜನರ ಸಮಿತಿಯಲ್ಲಿ ಎದ್ದು ನಿಲ್ಲಬೇಕಿಲ್ಲ, ಅನುಮೋದಕರು ಬೇಕಿಲ್ಲ, ಅಧ್ಯಕ್ಷರೂ ಚರ್ಚೆಯಲ್ಲಿ ಸೇರಬಹುದು. ಬಿಗಿ ನಿಯಮ ದೊಡ್ಡ ಸಭೆಗೆ. ನಾವು ಮಾಡುವುದು ತಲೆಕೆಳಗು: ಎಂಟು ಜನರ ಸಮಿತಿಯಲ್ಲಿ ಶಾಲು ಹೊದಿಸಿ ಪ್ರಾರ್ಥನೆ ಹಾಡಿಸುತ್ತೇವೆ, ಮುನ್ನೂರು ಜನರ ಮಹಾಸಭೆಯನ್ನು ಸಂತೆ ಮಾಡುತ್ತೇವೆ.

ಕೆಂಪು ಶಾಯಿ

ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಮುಖ್ಯ ಅತಿಥಿಗಳ ಹಿತವಚನ, ಇವಕ್ಕೆ ಒಂದೂವರೆ ಗಂಟೆ. ಲೆಕ್ಕಪತ್ರಕ್ಕೆ ಏಳು ನಿಮಿಷ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ, ದಸರೆಯ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು, 144 ಪ್ರತಿನಿಧಿಗಳು. ದಿವಾನರು ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳುತ್ತಿದ್ದರು. ಮತ ಹಾಕಿ ಆಡಳಿತವನ್ನು ಕಟ್ಟಿಹಾಕುವ ಅಧಿಕಾರ ಅವರಿಗೆ ಇರಲಿಲ್ಲ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ, ಗೌರವದಿಂದಲೇ ಹೇಳುತ್ತೇನೆ. ಆದರೆ ನಮ್ಮ ಎಷ್ಟೋ ಸಂಘಗಳ ಮಹಾಸಭೆ ಇನ್ನೂ 1881ರಲ್ಲಿಯೇ ಇದೆ. ಅಧ್ಯಕ್ಷರು ದಿವಾನರು, ನಾವು ಅಹವಾಲು ತಂದವರು, ಕೊನೆಗೆ ದಸರೆಯ ಊಟ.

ನಾಲ್ಕನೇ ಅಡ್ಡರಸ್ತೆ

ಸಹಿ ಸಂಗ್ರಹ ನಡೆಯುತ್ತಿದೆ. ಊಟಕ್ಕೆ ಎದ್ದು ಹೋಗಿದ್ದ ಕೆಲವರೇ ಮೊದಲು ಸಹಿ ಹಾಕಿದರು. ವಿಶೇಷ ಮಹಾಸಭೆ ಆಗಿಯೇ ಆಗುತ್ತದೆ ಎಂಬ ನಂಬಿಕೆ ಬಂದಿದೆ. ಅಲ್ಲಿಗೆ ಎರಡು ಪ್ರಶ್ನೆ. ಗುತ್ತಿಗೆಯೇ ಬೇಡ ಎನ್ನುವವರು ಕೆಲವರು, ಐದು ವರ್ಷದ ಬದಲು ಒಂದು ವರ್ಷ ಕೊಟ್ಟು ನೋಡೋಣ ಎನ್ನುವವರು ಕೆಲವರು. ಇದನ್ನು ಹೇಗೆ ಮತಕ್ಕೆ ಹಾಕುವುದು? ಮತ ಸಮವಾದರೆ ಅಧ್ಯಕ್ಷರದೇ ಕೊನೆಯ ಮಾತೇ?

ಪತ್ರಕರ್ತರ ಗ್ಯಾಲರಿ

ಮೂಲ ಪ್ರಸ್ತಾವ ‘ಐದು ವರ್ಷ ಗುತ್ತಿಗೆ’ ಎಂದು ಇರಲಿ. ‘ಐದು’ ತೆಗೆದು ‘ಒಂದು’ ಹಾಕಬೇಕು ಎಂಬುದು ತಿದ್ದುಪಡಿ. ತಿದ್ದುಪಡಿಯ ಮೇಲೆ ಮೊದಲು ಮತ. ಅದು ಗೆದ್ದರೆ ಪ್ರಸ್ತಾವ ‘ಒಂದು ವರ್ಷ ಗುತ್ತಿಗೆ’ ಎಂದಾಗುತ್ತದೆ, ಆದರೆ ಇನ್ನೂ ಅಂಗೀಕಾರವಾಗಿಲ್ಲ. ಆಮೇಲೆ ತಿದ್ದಿದ ಪ್ರಸ್ತಾವವನ್ನು ಮತಕ್ಕೆ ಹಾಕಬೇಕು. ಇಲ್ಲಿಯೇ ಜನ ಎಡವುತ್ತಾರೆ. ತಿದ್ದುಪಡಿ ಗೆದ್ದ ಕೂಡಲೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಗುತ್ತಿಗೆಯೇ ಬೇಡ ಎನ್ನುವವರು ತಿದ್ದುಪಡಿಯ ಪರ ಮತ ಹಾಕಿ, ಕೊನೆಯಲ್ಲಿ ಪ್ರಸ್ತಾವದ ವಿರುದ್ಧ ಹಾಕಬಹುದು. ಅದರಲ್ಲಿ ಇಬ್ಬಂದಿತನವಿಲ್ಲ. ಆದರೆ ‘ಗುತ್ತಿಗೆ ಕೊಡಬಾರದು’ ಎಂಬುದನ್ನೇ ತಿದ್ದುಪಡಿಯಾಗಿ ತರುವಂತಿಲ್ಲ. ಬೇಡವಾದರೆ ಪ್ರಸ್ತಾವಕ್ಕೆ ‘ಇಲ್ಲ’ ಎನ್ನುವುದೇ ದಾರಿ.

ಕಪ್ಪು ಕೋಟು

ಎರಡನೆಯದಕ್ಕೆ ನಾನು. ಶಾಸನಸಭೆಯಲ್ಲಿ ಸಭಾಧ್ಯಕ್ಷರು ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ, ಸಮವಾದರೆ ಮಾತ್ರ ನಿರ್ಣಾಯಕ ಮತ. ಅದು 189ನೇ ವಿಧಿ ಕೊಟ್ಟ ಅಧಿಕಾರ. ಸಂಘದ ಅಧ್ಯಕ್ಷರಿಗೆ ಅದು ತಾನಾಗಿ ಬರುವುದಿಲ್ಲ, ಬೈಲಾ ಕೊಟ್ಟಿದ್ದರೆ ಉಂಟು, ಕೊಡದಿದ್ದರೆ ಇಲ್ಲ. ಇಲ್ಲವಾದರೆ ಸಮ ಮತ ಎಂದರೆ ಪ್ರಸ್ತಾವ ಬಿದ್ದಂತೆ, ಬಹುಮತ ಸಿಗಲಿಲ್ಲವಲ್ಲ. ನಿಮ್ಮ ಬೈಲಾದಲ್ಲಿ ಏನಿದೆ ನೋಡಿ ಹೇಳಿ.

ಬೇಡಿಕೆ ಪತ್ರದಲ್ಲಿ ‘ಸಭಾಂಗಣದ ವಿಷಯ ಚರ್ಚಿಸಲು’ ಎಂದು ಬರೆಯಬೇಡಿ. ಚರ್ಚಿಸಿ ಕಳುಹಿಸಿಬಿಡುತ್ತಾರೆ. ‘ಇಂಥ ದಿನಾಂಕದ ಸಭೆಯ ಇಂಥ ಸಂಖ್ಯೆಯ ಠರಾವನ್ನು ರದ್ದುಪಡಿಸುವ ಬಗ್ಗೆ’ ಎಂದು ಠರಾವಿನ ಪೂರ್ತಿ ಪಠ್ಯವನ್ನೇ ಕೊಡಿ. ನೋಟಿಸಿನಲ್ಲಿ ಅದು ಅಕ್ಷರಶಃ ಬರಬೇಕು. ಪತ್ರದ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಅಡಿಕೆ ಸುಲಿಯುವವ

ಮತ್ತು ಗುತ್ತಿಗೆ ಕರಾರಿಗೆ ಈಗಾಗಲೇ ಸಹಿ ಬಿದ್ದಿದೆಯೇ ಎಂದು ಇವತ್ತೇ ವಿಚಾರಿಸಿ. ಬಿದ್ದಿಲ್ಲವಾದರೆ, ವಿಶೇಷ ಸಭೆಯವರೆಗೆ ತಡೆಯಿರಿ ಎಂದು ಅದೇ ಪತ್ರದಲ್ಲಿ ಕೇಳಿ. ಬಿದ್ದಿದ್ದರೆ ವಕೀಲರ ಕೆಲಸ ಹೆಚ್ಚುತ್ತದೆ.

ನಾಲ್ಕನೇ ಅಡ್ಡರಸ್ತೆ

ಕರಾರಿಗೆ ಸಹಿ ಬಿದ್ದಿಲ್ಲ, ವಿಚಾರಿಸಿದೆ. ಬೈಲಾದಲ್ಲಿ ನಿರ್ಣಾಯಕ ಮತದ ಮಾತೇ ಇಲ್ಲ. ಇನ್ನೊಂದು ಸಣ್ಣ ವಿಷಯ: ಈ ಸಲ ನಡಾವಳಿ ಬರೆಯಲು ನನ್ನನ್ನೇ ಕೇಳುತ್ತಿದ್ದಾರೆ. ಯಾರು ಏನು ಮಾತನಾಡಿದರು ಎಂದು ಎಲ್ಲವನ್ನೂ ಬರೆಯಬೇಕೇ?

ಕೆಂಪು ಶಾಯಿ

ಬೇಡ. ಭಾಷಣ ಬರೆಯಲು ಕುಳಿತರೆ ‘ನಾನು ಹಾಗೆ ಹೇಳಲೇ ಇಲ್ಲ’ ಎಂಬ ಜಗಳ ಮುಂದಿನ ಸಭೆಯನ್ನು ನುಂಗುತ್ತದೆ. ಪ್ರಸ್ತಾವದ ಪಠ್ಯ, ಸೂಚಕರು, ಅನುಮೋದಕರು, ತಿದ್ದುಪಡಿ, ಪರ ಎಷ್ಟು, ವಿರುದ್ಧ ಎಷ್ಟು, ತಟಸ್ಥ ಎಷ್ಟು. ಎತ್ತಿದ ಕ್ರಿಯಾಲೋಪ ಮತ್ತು ಅದಕ್ಕೆ ಸಿಕ್ಕ ತೀರ್ಪು. ವಿರೋಧ ದಾಖಲಿಸಿ ಎಂದು ಕೇಳಿದವರ ಹೆಸರು. ಮತಕ್ಕೆ ಹಾಕುವ ಮುಂಚೆ ಪ್ರಸ್ತಾವವನ್ನು ಗಟ್ಟಿಯಾಗಿ ಓದಿ, ಓದಿದ್ದನ್ನೇ ಬರೆಯಿರಿ. ಸಭೆ ಮುಗಿದ ಮೇಲೆ ಪುಟದಲ್ಲಿ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ಅಲ್ಲೇ ಅಧ್ಯಕ್ಷರ ಸಹಿ ಹಾಕಿಸಿ. ಆ ಖಾಲಿ ಜಾಗದಲ್ಲಿ ಆಮೇಲೆ ಹುಟ್ಟಿದ ಠರಾವುಗಳನ್ನು ನಾನು ಬಹಳ ನೋಡಿದ್ದೇನೆ.